ಚೆನ್ನತ್ತೆಯ ಸರದಿ

ಚೆನ್ನತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಮಾತಾಡುವಾಗ, ಬಸ್ಸಿಗೆ ಕಾಯುವಾಗ, ಟೀವಿ ಮುಂದೆ ಕೂತಾಗ, ಕಡೆಗೆ ಗೊರಕೆ ಹೊಡೆಯುವಾಗಲೂ ಆ ಎರಡು ಬೆರಳು ಒಂದನ್ನೊಂದು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು, ಕಾಣದ ಎಳೆಯೊಂದನ್ನು ಹೊಸೆಯುವ ಹಾಗೆ. ಅವಳ ಕಸುಬೇ ಅದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾವ ಮಗ್ಗದ ಹಾಸಿನ ಉದ್ದೆಳೆ ಮುಗಿದರೂ, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿ ಸೇರಿಸಲು ಅವಳನ್ನೇ ಕರೆಯುತ್ತಿದ್ದರು. ಇದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚಿಟಿಕೆ ಬೂದಿ, ಎರಡು ತುದಿ ಸೇರಿಸಿ ಒಂದು ಹೊಸೆತ, ಅಷ್ಟೆ. ಗಂಟೇ ಕಾಣುತ್ತಿರಲಿಲ್ಲ.

ಅವಳ ಮನೆಯ ವಿಚಾರ ಹೇಳದೆ ಅವಳ ವಿಚಾರ ಹೇಳುವಂತಿಲ್ಲ. ಹೇಳಹೊರಟರೆ ನನ್ನ ತಲೆಯೇ ಕೆಡುತ್ತದೆ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಗೋಡೆಯಾಚೆ ಒಂದು ಮಗ್ಗದ ಕೋಣೆ, ವಾಸಕ್ಕೆ ಎರಡು ಕೋಣೆ, ಅದರ ತುಂಬ ಜನ. ಚೆನ್ನತ್ತೆಯ ಅಣ್ಣ ಚೌಡಪ್ಪ, ಅತ್ತಿಗೆ ಪುಟ್ಟಮ್ಮ, ತಮ್ಮ ಗೋವಿಂದ, ಅವನ ಹೆಂಡತಿ, ಎರಡೂ ಸಂಸಾರದ ಮಕ್ಕಳು, ಜೊತೆಗೆ ಏನು ಸಂಬಂಧವೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಒಬ್ಬ ಮುದುಕ. ಆತ ಯಾರೆಂದು ಕೇಳಿದರೆ "ಮನೆಯವ್ರೇ ಕಣಮ್ಮ" ಎನ್ನುತ್ತಿದ್ದರು. ಚಪ್ಪಲಿ ಯಾರದೆಂದು ಯಾರೂ ಕೇಳುತ್ತಿರಲಿಲ್ಲ, ಬಾಗಿಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಡುತ್ತಿದ್ದರು. ಇಷ್ಟು ಜನಕ್ಕೆ ಒಂದೇ ಒಂದು ಕೈಗುಣ ಇತ್ತು.

ಕೈಗುಣ ಎಂದರೆ ನಾವೆಲ್ಲ ಡಾಕ್ಟರದೋ ಅಡುಗೆಯವರದೋ ಎಂದುಕೊಳ್ಳುತ್ತೇವೆ. ಆ ಮನೆಯದು ಬೇರೆ. ಅದು ನಿಜಕ್ಕೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಮನೆಗೆಲ್ಲ ಒಂದೇ ಸೈಕಲ್ ಇದ್ದ ಹಾಗೆ. ಹಿಂದಿನ ಕಾಲದಲ್ಲಿ ಅವರ ವಂಶದಲ್ಲಿ ಎಲ್ಲರಿಗೂ ಒಂದೊಂದು ಇತ್ತಂತೆ. ಬಡತನ ಬಂದ ಹಾಗೆಲ್ಲ ಅದೂ ಕರಗಿ, ಕೊನೆಗೆ ಒಂದು ಉಳಿಯಿತಂತೆ. ಬೀದಿಯವರಿಗೆ ಇದೇನೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳುವ ಹಾಗೆ, "ಇವತ್ತು ಗುಣ ಯಾರ ಹತ್ರ ಐತೆ?" ಎಂದು ಕೇಳಿಕೊಂಡು ಬರುತ್ತಿದ್ದರು.

ಕೇಳಲೇಬೇಕಿತ್ತು. ಯಾಕೆಂದರೆ ಒಂದೊಂದು ಕೈಯಲ್ಲಿ ಅದು ಒಂದೊಂದು ಕೆಲಸ ಮಾಡುತ್ತಿತ್ತು. ಪುಟ್ಟಮ್ಮನ ಕೈಯಲ್ಲಿದ್ದ ದಿನ ಸಾರಿನ ಪಾತ್ರೆ ತಳ ಕಾಣುತ್ತಿರಲಿಲ್ಲ. ಎಲ್ಲರಿಗೂ ಸಾಲುತ್ತಿತ್ತು, ಆದರೆ ನೀರು ನೀರಾಗಿರುತ್ತಿತ್ತು. ಚೌಡಪ್ಪ ಮಾಮನ ಕೈಯಲ್ಲಿದ್ದರೆ ಕರೆಂಟ್ ಹೋದರೂ ಮಗ್ಗ ಓಡುತ್ತಿತ್ತು, ಆದರೆ ಅವರು ಉಸಿರು ಬಿಗಿಹಿಡಿದಿರುವ ತನಕ ಮಾತ್ರ. ಗೋವಿಂದನ ಸರದಿ ಬಂದರೆ ಕಳೆದುಹೋದ ವಸ್ತುಗಳು ಬಂದು ಅವನ ಮುಂದೆ ಬೀಳುತ್ತಿದ್ದವು. ಯಾರು ಕಳೆದುಕೊಂಡ ವಸ್ತುಗಳು ಎನ್ನುವುದೇ ತಿಳಿಯುತ್ತಿರಲಿಲ್ಲ. ಒಮ್ಮೆ ಒಂಟಿ ಓಲೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಒಮ್ಮೆ ವಿಮಾನದಲ್ಲಿ ಬಂದವರ ಸೂಟ್‌ಕೇಸಿನ ಚಕ್ರ. ಅದನ್ನು ಹಿಡಿದುಕೊಂಡು ಅವನು ಬಸ್ಸೇರಿ ದೇವನಹಳ್ಳಿ ವಿಮಾನ ನಿಲ್ದಾಣದ ಕಡೆ ಹೋಗಿದ್ದ, ಕೊಟ್ಟು ಬರೋಣ ಅಂತ! ಚೌಡಪ್ಪನ ಮಗಳು ಲತಾ ನನ್ನ ಗೆಳತಿ. ಅವಳ ಕೈಯಲ್ಲಿದ್ದಾಗ ಸುತ್ತಮುತ್ತಲಿನ ಯಾವ ಮಗುವೂ ಅಳುತ್ತಿರಲಿಲ್ಲ.

ಇದರಿಂದ ದುಡ್ಡು ಮಾಡಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಸೀರೆಗೆ ಕುಚ್ಚು ಹಾಕಿ ಬದುಕುವ ನನಗೆ ಇಂಥದ್ದೊಂದು ಸಿಕ್ಕಿದ್ದರೆ ಬೋರ್ಡು ಹಾಕಿಕೊಂಡು ಕೂರುತ್ತಿದ್ದೆ. "ಕೂಲಿ ಕೇಳಿದ್ರೆ ಅದು ಒಳಗೇ ಮುದುಡ್ಕೊಂಬಿಡ್ತದೆ ಕಣೇ, ನಾಚಿಕೆ ಸ್ವಭಾವ ಅದರದ್ದು" ಎನ್ನುತ್ತಿದ್ದಳು ಚೆನ್ನತ್ತೆ, ಮನೆಯ ಯಾವುದೋ ಮಗುವಿನ ಬಗ್ಗೆ ಹೇಳುವ ಹಾಗೆ.

ಗುಣವನ್ನು ದಾಟಿಸುವ ಕೆಲಸ ಅವಳದು. ಬೆಳಿಗ್ಗೆ ಕಾಫಿಗೆ ಮುಂಚೆ, ಇಟ್ಟುಕೊಂಡವರು ಒಂದು ರೇಷ್ಮೆ ಎಳೆ ಹಿಡಿಯಬೇಕು, ತೆಗೆದುಕೊಳ್ಳುವವರು ಇನ್ನೊಂದು. ಚೆನ್ನತ್ತೆ ನಡುವೆ ಕೂತು ಬೂದಿ ಮುಟ್ಟಿ ಎರಡು ತುದಿಯನ್ನೂ ಕೆಚ್ಚುವಳು. ಆಯಿತು, ದಾಟಿತು. ಹಿಂದೆ ಅವಳ ಅಪ್ಪ ಈ ಕೆಲಸ ಮಾಡುತ್ತಿದ್ದರು, ಅವರ ನಂತರ ಅವಳೊಬ್ಬಳ ಬೆರಳಿಗೇ ಅದು ಒಲಿದದ್ದು. ಸರದಿಯ ಲೆಕ್ಕವೂ ಅವಳ ತಲೆಯಲ್ಲೇ. ಅದೆಂಥ ಲೆಕ್ಕವೋ ನನಗೆ ಈವರೆಗೂ ತಿಳಿದಿಲ್ಲ. ವಯಸ್ಸಿನ ಪ್ರಕಾರವಲ್ಲ, ವಾರದ ಪ್ರಕಾರವೂ ಅಲ್ಲ. ನಿನ್ನೆ ಬೈಸಿಕೊಂಡವರಿಗೆ ಇವತ್ತು ಸರದಿ ಬಂದದ್ದನ್ನು ನೋಡಿದ್ದೇನೆ. ಕೇಳಿದರೆ, "ಅವ್ನ್ದೇ ಇತ್ತು ಕಣೆ, ನಿಂಗೊತ್ತಿಲ್ಲ" ಎಂದು ನನ್ನನ್ನೇ ದಡ್ಡಿ ಮಾಡುವಳು.

ಒಂದು ಮಾತ್ರ ನನಗೆ ಗೊತ್ತಾಗಿತ್ತು. ಅವಳ ಸರದಿ ಬರುತ್ತಲೇ ಇರಲಿಲ್ಲ. ಒಂದು ದಿನ ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ನೇರವಾಗಿ ಕೇಳಿಬಿಟ್ಟೆ.

"ನೀನ್ಯಾಕೆ ತಗೊಳ್ಳಲ್ಲ ಅತ್ತೆ? ನಿನ್ನ ಕೈಲಿ ಅದು ಏನ್ಮಾಡ್ತದೋ ನೋಡ್ಬೇಕು ಅಂತ ಆಸೆ ಇಲ್ವಾ?"

ಅವಳು ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದಳು. "ನಾನು ಈ ಮನೇಲಿ ಹುಟ್ಟಿದೋಳಲ್ಲ, ಗೊತ್ತಾ? ಇಲ್ಲೇ ನೆಲಮಂಗಲ ದಾರೀಲಿರೋ ಮಧುರೆ ಕಡೆ ಅಪ್ಪ ಅಚ್ಚು ಕೆಚ್ಚಕ್ಕೆ ಹೋಗಿದ್ರಂತೆ. ಅಲ್ಲಿ ಹಡೆದೋರಿಲ್ಲದ ಕೂಸು ಒಂದಿತ್ತಂತೆ, ಎತ್ಕೊಂಡು ಬಂದ್ರು. ಇವರ್ಯಾರೂ ಅದನ್ನ ಒಂದಿನ ಬಾಯಿಬಿಟ್ಟು ಆಡಿಲ್ಲ."

"ಅದಕ್ಕೇನೀಗ?"

"ಆ ಗುಣ ಮನೆಯವ್ರ ಕೈಲಿ ಮಾತ್ರ ನಿಲ್ತದೆ ಕಣೆ. ನನ್ನ ಕೈಗೆ ಬಂದು ನಿಲ್ದೇ ಹೋದ್ರೆ? ಆಮೇಲೆ ನಾನು ಯಾವ ಮುಖ ಇಟ್ಕೊಂಡು ಅವ್ರ ಜೊತೆ ಕೂತು ಉಣ್ಲಿ?"

ನನಗೆ ಅಳು ಬಂತು, ಅವಳ ಮೇಲೆ ಸಿಟ್ಟೂ ಬಂತು. ಇಡೀ ಮನೆಯ ಗುಣವೆಲ್ಲ ದಿನವೂ ಅವಳ ಬೆರಳಿನ ಮೂಲಕವೇ ಹಾದುಹೋಗುತ್ತಿತ್ತು, ಅವಳು ಮಾತ್ರ ಬೆರಳು ಮಡಚಿ ಹಿಡಿಯುತ್ತಿರಲಿಲ್ಲ.

ಆಮೇಲೆ ಲತಾಳ ಮದುವೆ ಬಂತು. ಗಂಡು ತ್ಯಾಮಗೊಂಡ್ಲು ಕಡೆಯವನು. ಚೆನ್ನತ್ತೆಯ ಮನೆಯಲ್ಲಿ ಹೆಣ್ಣು ಮದುವೆಯಾಗಿ ಹೋದಮೇಲೆ ಅವಳಿಗೆ ಸರದಿ ಇಲ್ಲ. ಹಾಗಾಗಿ ಮದುವೆಗೆ ಮುಂಚಿನ ದಿನಗಳಲ್ಲಿ ಒಬ್ಬೊಬ್ಬರೂ ಇನ್ನೊಬ್ಬರಿಗೆ ತಿಳಿಯದಂತೆ ಚೆನ್ನತ್ತೆಯನ್ನು ಮೂಲೆಗೆ ಕರೆದು, "ನನ್ನ ಸರದಿ ಲತಂಗೇ ಕೊಟ್ಬಿಡು, ಯಾರಿಗೂ ಹೇಳ್ಬೇಡ" ಎಂದರಂತೆ. ಅವಳು ಎಲ್ಲರಿಗೂ ಆಗಲಿ ಎಂದಳು. ಗುಣ ಲತಾಳ ಕೈಯಲ್ಲೇ ಉಳಿಯಿತು. ಮದುವೆ ಛತ್ರದಲ್ಲಿ ಅಷ್ಟು ಕೂಸುಗಳಿದ್ದೂ ಒಂದೂ ಅಳಲಿಲ್ಲ. ಓಲಗದವರೇ ಆಶ್ಚರ್ಯಪಟ್ಟರು. ಗುಣ ಇನ್ನೂ ಲತಾಳ ಕೈಯಲ್ಲೇ ಇದೆಯೆಂದು ನಮಗೆ ಆಗಲೇ ಹೊಳೆಯಬೇಕಿತ್ತು.

ಧಾರೆಗೆ ಮುಂಚೆ ವಾಪಸ್ ತೆಗೆದುಕೊಳ್ಳಬೇಕೆಂದು ಚೆನ್ನತ್ತೆ ಎಳೆ, ಬೂದಿ ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಆದರೆ ಆ ಬೆಳಿಗ್ಗೆ ಅವಳನ್ನು ಒಂದು ಕ್ಷಣ ನಿಲ್ಲಲು ಬಿಟ್ಟವರಿಲ್ಲ. "ಚೆನ್ನೀ, ತಾಂಬೂಲದ ತಟ್ಟೆ ಎಲ್ಲಿ?" "ಅಕ್ಕಾ, ಬಾಳೆ ಎಲೆ ಸಾಲಲ್ವಂತೆ!" ಸಂಜೆ ಹೆಣ್ಣು ಒಪ್ಪಿಸಿಕೊಟ್ಟು, ಅತ್ತು, ವ್ಯಾನು ತಿರುಗಿ ಕಾಣದಾದ ಮೇಲೆ ಅವಳು ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಅಲ್ಲೇ ಕುಸಿದು ಕೂತಳು. ಮನೆಯ ಗುಣ ತ್ಯಾಮಗೊಂಡ್ಲಿಗೆ ಹೊರಟುಹೋಗಿತ್ತು.

ಹೊಸ ಮದುಮಗಳು, ಕರೆಯುವ ಶಾಸ್ತ್ರ ಆಗುವ ತನಕ ತವರಿನ ಹೊಸಿಲು ತುಳಿಯುವಂತಿಲ್ಲ. ಯಾರಾದರೂ ಚೆನ್ನತ್ತೆಯ ಜೊತೆ ಹೋಗಿ, ಅದನ್ನು ತಮ್ಮ ಕೈಗೆ ಕೆಚ್ಚಿಸಿಕೊಂಡು ತರಬೇಕು. ಮಾರನೆಯ ಬೆಳಿಗ್ಗೆ ನೋಡಿದರೆ ಆ ಮನೆಯಲ್ಲಿ ಎದ್ದು ನಿಲ್ಲುವವರೇ ಇಲ್ಲ! ಚೌಡಪ್ಪ ಮಾಮನಿಗೆ ಸೊಂಟ ಹಿಡಿದಿದೆ. ಪುಟ್ಟಮ್ಮನಿಗೆ ವಾಂತಿ. ಗೋವಿಂದನ ಕಾಲು ಉಳುಕಿದೆ. ಮಕ್ಕಳೆಲ್ಲ ಕಂಬಳಿ ಹೊದ್ದು ಮಲಗಿ ನರಳುತ್ತಿವೆ. ಆ ಮುದುಕ ಕೂಡ, "ನನ್ಗೂ ಏನೋ ಆಗೈತೆ" ಎಂದ. ಕೊನೆಗೆ ಜೊತೆಗೆ ಹೊರಟವಳು ನಾನು.

ನೆಲಮಂಗಲದಲ್ಲಿ ಬಸ್ಸು ಬದಲಿಸಿ ಹೋದೆವು. ಲತಾ ನಮ್ಮನ್ನು ಕಂಡು ಓಡಿಬಂದಳು. ಹಿತ್ತಲಿನ ತೆಂಗಿನಮರದ ಕೆಳಗೆ ಮೂವರೂ ಕೂತೆವು. ಚೆನ್ನತ್ತೆ ಎಳೆಯ ಒಂದು ತುದಿಯನ್ನು ನನ್ನ ಕಡೆ ಚಾಚಿದಳು.

"ನೀನು ಹಿಡ್ಕೊ."

"ಅವಳು ಪಕ್ಕದ ಮನೆಯೋಳು ಅತ್ತೆ, ಅವಳ ಕೈಲಿ ನಿಲ್ಲಲ್ಲ. ನೀನೇ ಹಿಡ್ಕೊ" ಎಂದಳು ಲತಾ. ನಿಜವೇ ಆದರೂ ನನಗೆ ಒಂಥರಾ ಆಯಿತು.

"ನನ್ನ ಕೈಲಾದ್ರೂ ನಿಲ್ತದೆ ಅಂತ ಏನು ಗ್ಯಾರಂಟಿ? ದಾರೀಲಿ ಬಿದ್ದೋದ್ರೆ?"

"ಬಿದ್ದೋದ್ರೆ ಹೋಗ್ಲಿ. ನಿನ್ನ ಬಿಟ್ಟು ಬೇರೆ ಯಾರಿಗೂ ಕೊಡಲ್ಲ ನಾನು."

ಹುಡುಗಿ ಹಠಮಾರಿ. ಚೆನ್ನತ್ತೆ ಒಂದು ಎಳೆಯನ್ನು ತನ್ನ ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡಳು. ತುದಿಗಳು ಜಾರಿದವು, ಮತ್ತೆ ಸೇರಿಸಿದಳು, ಹೊಸೆದಳು. ಆ ಕ್ಷಣಕ್ಕೆ ಪಕ್ಕದ ಮನೆಯಲ್ಲಿ ಒಂದು ಕೂಸು ಕಿರ್‍ರೆಂದು ಅಳತೊಡಗಿತು. ಲತಾಳ ಕೈ ಬಿಟ್ಟದ್ದಂತೂ ಖಾತ್ರಿಯಾಯಿತು. ಚೆನ್ನತ್ತೆಯ ಕೈಗೆ ಬಂತೋ ಇಲ್ಲವೋ, ಅದು ಮಾತ್ರ ತಿಳಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಟಿಕೆಟ್ ತೆಗೆದುಕೊಳ್ಳಲೂ ಕೈ ಬಿಚ್ಚಲಿಲ್ಲ. "ಏನಾದ್ರೂ ಆಗ್ತಾ ಇದ್ಯಾ ಅತ್ತೆ?" ಎಂದು ನಾನು ಕೇಳಿದಾಗಲೆಲ್ಲ ಇಲ್ಲವೆಂದು ತಲೆಯಾಡಿಸಿದಳು. ಅವಳು ಕೂಸಾಗಿ ಸಿಕ್ಕಿದ ಮಧುರೆಯಲ್ಲಿ ಬಸ್ಸು ನಿಂತಿತು. ಅವಳು ಆ ಮುಷ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಬಸ್ಸು ಹೊರಡುವ ತನಕ ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. ನಾನು ಅವಳ ತೋಳು ಹಿಡಿದುಕೊಂಡೆ.

ಮನೆಗೆ ಬಂದರೆ ಬೆಳಿಗ್ಗೆಯ ರೋಗಿಗಳೆಲ್ಲ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಚೆನ್ನತ್ತೆ ಯಾರ ಮುಖವನ್ನೂ ನೋಡದೆ ಪುಟ್ಟಮ್ಮನನ್ನು ಕೂರಿಸಿ ಎಳೆ ಕೆಚ್ಚಿದಳು. ಪುಟ್ಟಮ್ಮ ಹೋಗಿ ಸಾರಿನ ಪಾತ್ರೆಗೆ ಸೌಟು ಹಾಕಿದಳು. ಬಡಿಸಿದಳು, ಮತ್ತೆ ಬಡಿಸಿದಳು, ನನಗೂ ಬಡಿಸಿದಳು. ಪಾತ್ರೆ ತಳ ಕಾಣಲಿಲ್ಲ. ಅಷ್ಟು ದೂರ ಅದು ಚೆನ್ನತ್ತೆಯ ಕೈಯಲ್ಲೇ ಕೂತು ಬಂದಿತ್ತು. ಅವಳು ಅನ್ನದ ತಟ್ಟೆ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಉಣ್ಣೇ ಚೆನ್ನಿ, ಸಾರು ಆರೋಗ್ತದೆ" ಎಂದರು ಚೌಡಪ್ಪ ಮಾಮ, ಬೇರೆಲ್ಲೋ ನೋಡುತ್ತಾ.

ಅದು ಮರೆವೋ, ಎಲ್ಲರೂ ಸೇರಿ ಹೂಡಿದ ಆಟವೋ? ಎಷ್ಟೋ ಸಲ ಕೇಳಿದ್ದೇನೆ. ಪುಟ್ಟಮ್ಮ, "ಮದುವೆ ಊಟ ಕಣಮ್ಮ, ಹೊಟ್ಟೆಗೆ ಆಗಿರ್ಲಿಲ್ಲ" ಎನ್ನುತ್ತಾಳೆ. ಗೋವಿಂದ ಉಳುಕಿದ್ದು ಎಡಗಾಲು ಅಂತ ಒಂದು ಸಲ ಹೇಳಿದರೆ, ಬಲಗಾಲು ಅಂತ ಇನ್ನೊಂದು ಸಲ ಹೇಳುತ್ತಾನೆ.

ಅಲ್ಲಿಂದ ಮುಂದೆ ಚೆನ್ನತ್ತೆಯೂ ಸರದಿ ತೆಗೆದುಕೊಂಡಳು. ಅವಳ ಕೈಯಲ್ಲಿ ಗುಣ ಏನು ಮಾಡುತ್ತಿತ್ತು ಎಂದರೆ ಅದೂ ಗೊಂದಲವೇ. ಅವಳ ಸರದಿಯ ದಿನ ಎಲ್ಲರೂ ಹೊತ್ತಿಗೆ ಮುಂಚೆ ಮನೆ ಸೇರುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವ ಗೋವಿಂದನ ಮಗಳಿಗೆ ಓವರ್‌ಟೈಮ್ ಇರುತ್ತಿರಲಿಲ್ಲ, ಬಸ್ಸು ತಪ್ಪುತ್ತಿರಲಿಲ್ಲ. "ಅದೆಲ್ಲ ಸುಮ್ನೆ ಹಂಗೇ ಆಗಿರೋದು" ಎಂದು ಗೋವಿಂದ ವಾದಿಸುತ್ತಿದ್ದ, ಅವನೂ ಬೇಗ ಬಂದು ಅವಳ ಪಕ್ಕದಲ್ಲೇ ಕೂತಿರುತ್ತಿದ್ದ.

ಹೋದ ಚಳಿಗಾಲದಲ್ಲಿ ಅವಳಿಗೆ ಕಾಯಿಲೆಯಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಆಗ ಸರದಿ ಅವಳದೇ ಇತ್ತು. ಅವಳ ಬೆರಳಿಲ್ಲದೆ ಅದನ್ನು ದಾಟಿಸುವವರು ಇನ್ನಾರೂ ಇಲ್ಲ. ಅವಳ ಕೈಯಲ್ಲೇ ಇದ್ದು ಅವಳು ಹೋದರೆ ಆ ಮನೆಗೆ ಮತ್ತೆ ಅದು ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಲತಾ ತನ್ನ ಕೂಸನ್ನೆತ್ತಿಕೊಂಡು ತ್ಯಾಮಗೊಂಡ್ಲಿನಿಂದ ಬಂದಿದ್ದಳು. ನಾನು ಗಂಜಿ ತೆಗೆದುಕೊಂಡು ಹೋದ ಮಧ್ಯಾಹ್ನ ಇಡೀ ಸಂಸಾರ ಆ ಸಣ್ಣ ಕೋಣೆಯಲ್ಲಿ ಒತ್ತೊತ್ತಾಗಿ ನಿಂತಿತ್ತು.

"ಎಳೆ ತಗೊಂಬನ್ನಿ," ಎಂದಳು ಚೆನ್ನತ್ತೆ. ದನಿ ಇಳಿದುಹೋಗಿತ್ತು. "ಅತ್ತಿಗೆ ಕೈಗೆ ಹಾಕ್ಬಿಡ್ತೀನಿ. ಊಟಕ್ಕಾದ್ರೂ ಆಗ್ತದೆ."

ಪುಟ್ಟಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಚೆನ್ನತ್ತೆ ಗೋವಿಂದನ ಕಡೆ ನೋಡಿದಳು. ಅವನ ಕೈಯೂ ಬೆನ್ನ ಹಿಂದಿತ್ತು. ಲತಾ, ಮಕ್ಕಳು, ಆ ಮುದುಕ, ಎಲ್ಲರೂ ಹಾಗೆಯೇ ನಿಂತಿದ್ದರು. ನನ್ನ ಕೈಯಲ್ಲಿ ಅದು ನಿಲ್ಲುವುದಿಲ್ಲವೆಂದು ಗೊತ್ತಿದ್ದೂ, ಗಂಜಿಯ ಲೋಟ ಕೆಳಗಿಟ್ಟು ನಾನೂ ಕೈ ಹಿಂದೆ ಕಟ್ಟಿಕೊಂಡೆ.

"ಹುಚ್ಚು ಹಿಡಿದಿದ್ಯೇನ್ರೋ ನಿಮ್ಗೆಲ್ಲ? ನಾನು ಹೋದ್ರೆ ಇದೂ ಹೋಗ್ತದೆ ಕಣ್ರೋ!"

ಚೌಡಪ್ಪ ಮಾಮ ಮಂಚದ ತುದಿಗೆ ಕೂತರು. ಅವಳ ಬಿಚ್ಚಿದ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಮಾಡಿ, ಮೇಲೆ ತಮ್ಮ ಕೈ ಇಟ್ಟರು.

"ಹೋಗ್ಲಿ ಬಿಡು ಚೆನ್ನಿ," ಎಂದರು. "ನಮ್ಮನೆಯೋಳ ಜೊತೆ ತಾನೆ ಹೋಗೋದು."

ಅವಳು ಮತ್ತೆ ಎಳೆ ಕೇಳಲಿಲ್ಲ.