ಉಪ್ಪಿಗೆ ಕಿವಿ ಹಚ್ಚುವ ತಿಜಾನಿ

"ನನ್ನ ಮಗ ಉಪ್ಪಿನಡಿಯಿಂದ ಬಡಿದರೆ ನೀನು ಉತ್ತರ ಕೊಡಬೇಡಪ್ಪ. ದಾರಿ ಇದೆ ಅಂದ್ಕೊಂಡು ಎದ್ದು ಬರ್ತಾನೆ. ಹಾಗೆ ಬರೋದು ಬೇಡ." ಚೊಟ್ ಎಲ್ ಜೆರಿದ್‌ನ ಉಪ್ಪಿನ ಬಯಲು ನೂರಿಯನ್ನು ನುಂಗಿದ ವಾರ, ಅವನ ತಾಯಿ ಸಾಲ್ಹಾ ಹೀಗೆ ಕೇಳಿಕೊಂಡಿದ್ದರು. "ಕೊಡಲ್ಲ ದೊಡ್ಡಮ್ಮ" ಎಂದು ನೂರಿಯ ಜೊತೆ ದಾರಿ ನೋಡುತ್ತಿದ್ದ ತಿಜಾನಿ ಮಾತು ಕೊಟ್ಟಿದ್ದರು.

ಈಗ ತಿಜಾನಿಯವರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಉಪ್ಪಿನ ಲಾರಿಗಳು ಬಯಲಿಗೆ ಇಳಿಯುವ ಮುನ್ನ ದಾರಿ ನೋಡಿಕೊಡುವುದು ಇವತ್ತಿಗೂ ಇವರೇ. ನಸುಕಿನಲ್ಲಿ ಕೆಂಪು ಟೊಪ್ಪಿ ಪಕ್ಕಕ್ಕಿಟ್ಟು, ಉಪ್ಪಿನ ಹೆಪ್ಪಿಗೆ, ಅಂದರೆ ಮೇಲಿನ ಗಟ್ಟಿ ಪದರಕ್ಕೆ, ಕಿವಿ ಹಚ್ಚಿ ಮಲಗುತ್ತಾರೆ. ಕೂಗು ಮುಟ್ಟದಷ್ಟು ದೂರದಲ್ಲಿ ತಮ್ಮನ ಮಗಳು ಝೀನಾ ಮರದ ಸುತ್ತಿಗೆಯಿಂದ ಮೂರು ಏಟು ಹಾಕುತ್ತಾಳೆ. ಸದ್ದು ಹೆಪ್ಪಿನ ಮೈ ಹಿಡಿದೇ ಹರಿದು ಬರುತ್ತದೆ. ಚುರುಕಾಗಿ ಬಂದರೆ ನಡುವಿನ ನೆಲ ಗಟ್ಟಿ. ಮಂಕಾಗಿ ಬಂದರೆ ಅಡಿಯಲ್ಲಿ ಕೆಸರು. ಗಟ್ಟಿಯಿದ್ದರೆ ಇವರು ತಿರುಗಿ ಎರಡು ಏಟು ಹಾಕಬೇಕು. ಅದು ಅವಳ ಬರಿಗಾಲಿಗೆ ತಾಗಿದ ಮೇಲೆಯೇ ಅವಳು ಹೆಜ್ಜೆ ಎತ್ತುವುದು.

"ಬಿರುಕಿನ ಅಂಚಿಗೆ ಮಾತ್ರ ಕಿವಿ ಇಡಬಾರದು" ಎನ್ನುತ್ತಾರೆ. "ಅಂಚು ಹಿಡಿದ ಸದ್ದು ಎಷ್ಟು ದೂರದಿಂದಾದ್ರೂ ಹಾವಿನ ಥರ ಓಡಿ ಬರುತ್ತೆ. ಆದ್ರೆ ಅಂಚಿನ ಸುದ್ದಿ ಅಷ್ಟೇ ಅದು. ಒಳಗಡೆ ಏನಿದೆ ಅಂತ ಹೇಳಲ್ಲ. ನೂರಿ ನಂಬಿದ್ದು ಅದನ್ನೇ."

"ಚಹಾಕ್ಕೆ ಕರೆದ್ರೆ ಕೇಳಿಸಲ್ಲ, ಇರುವೆ ನಡೆದ್ರೆ ಕೇಳಿಸುತ್ತೆ ಇವರಿಗೆ!" ಎಂದು ಝೀನಾ ಛೇಡಿಸುತ್ತಾಳೆ.

"ನಿನ್ನ ಚಹಾಕ್ಕಿಂತ ಇರುವೇನೇ ವಾಸಿ ಕಣೇ."

ಈ ಬೆಳಿಗ್ಗೆ ದಟ್ಟ ಮಂಜು. ಝೀನಾ ಅದರೊಳಗೆ ಮರೆಯಾಗಿ ಬಹಳ ಹೊತ್ತಾಗಿದೆ. ತೆಳು ಹೆಪ್ಪಿನ ಮೇಲೆ ನಿಂತೇ ಇದ್ದರೆ ಕಾಲು ಇಳಿಯುತ್ತದೆ. ಕೊನೆಗೂ ಏಟು ಬರುತ್ತದೆ. ಚುರುಕಾಗಿಯೇ ಇದೆ. ಒಂದು, ಎರಡು, ಮೂರನೆಯದು ಕೊಂಚ ತಡೆದು. ಹಾಗೆ ತಡೆದು ಬಡಿಯುತ್ತಿದ್ದವನು ನೂರಿ.

ತಿಜಾನಿಯವರ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಉತ್ತರ ಕೊಡದಿದ್ದರೆ, ಬಡಿದವಳು ಝೀನಾ ಆಗಿದ್ದರೆ?

ಎರಡು ಏಟು ಹಾಕುತ್ತಾರೆ.

ಹೆಜ್ಜೆ ಸದ್ದು ಹತ್ತಿರವಾಗುತ್ತದೆ. ಮಂಜಿನಿಂದ ಹೊರಬಂದ ಝೀನಾಳ ಕಾಲು ಮೊಣಕಾಲಿನವರೆಗೂ ಕೆಸರು; ಕೈಯಲ್ಲಿ ಮುರಿದ ಹಿಡಿ.

"ಒಂದು ಏಟೂ ಹಾಕೋಕಾಗಲಿಲ್ಲ ದೊಡ್ಡಪ್ಪ, ಸುತ್ತಿಗೆ ಮುರೀತು. ನಿಂತಲ್ಲೇ ಇಳೀತಿದ್ದೆ. ನಿಮ್ಮ ಏಟು ಕಾಲಿಗೆ ತಾಗ್ತು, ಕಿತ್ಕೊಂಡು ಬಂದೆ."

ಅವಳು ಪಕ್ಕದಲ್ಲಿ ಕುಸಿದು ಕೂರುತ್ತಾಳೆ. ತಿಜಾನಿಯವರು ಮತ್ತೆ ಉಪ್ಪಿಗೆ ಕಿವಿ ಹಚ್ಚುತ್ತಾರೆ. ಹೆಜ್ಜೆ ಸದ್ದು ಇನ್ನೂ ಬರುತ್ತಲೇ ಇದೆ.

ಸಾಲ್ಹಾ ಅವರಿಗೆ ಕೊಟ್ಟ ಮಾತನ್ನು ತಿಜಾನಿ ಮುರಿದಿದ್ದಾರೆ.