ಮೊಳಕೆ ನೋಡದೆ ಸಹಿ ಹಾಕದ ದಾಕ್ಷಾಯಣಕ್ಕ

ದಾಕ್ಷಾಯಣಕ್ಕ ಕಾರು ಓಡಿಸುವಾಗ ಹಾರ್ನ್ ಹೊಡೆಯುತ್ತಿರಲಿಲ್ಲ. ಹಾರ್ನ್ ಏನೂ ಕೆಟ್ಟಿರಲಿಲ್ಲ. ಹಿರೇಬೆಂಡಿಗೇರಿಯಿಂದ ಶಿಗ್ಗಾಂವಿ ಪೇಟೆಯವರೆಗೆ ಯಾರೇ ಅಡ್ಡ ಬರಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಸರು ಹಿಡಿದು ಕೂಗುತ್ತಿದ್ದರು. "ಏ ಫಕೀರಪ್ಪಾ, ಎತ್ತು ಸರಸೋ!" "ಯವ್ವಾ ನಿಂಗವ್ವಾ, ಮಾತಾಡಾಕ ನಿನಗ ಕಟ್ಟಿ ಸಾಲ್ದಾತೇನು, ರಸ್ತಾನೂ ಬೇಕಾತೇನು?" ಹಾರ್ನ್ ಯಾಕೆ ಮುಟ್ಟುವುದಿಲ್ಲ ಎಂದು ಒಮ್ಮೆ ಕೇಳಿದೆ. "ಹಾರ್ನ್ ಇರೂದು ಹೆಸರು ಗೊತ್ತಿಲ್ಲದವ್ರಿಗೆ, ತಮ್ಮಾ" ಎಂದರು.

ಕಾರು ಅವರ ಗಂಡ ಕೊಂಡಿದ್ದ ಹಳೆಯ ಪದ್ಮಿನಿ. ಹಾಲುಕೆನೆ ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಕೆ, ಮುಂದೆ ಮೂವರು ಒತ್ತಿಕೊಂಡು ಕೂರುವ ಒಂದೇ ಉದ್ದ ಸೀಟು. ಗಂಡ ತೀರಿಕೊಂಡಾಗ ಕಾರು ಮಾರಿಬಿಡು ಎಂದು ನಂಟರೆಲ್ಲ ಹೇಳಿದರು. ಅಕ್ಕ ಮಾರಲಿಲ್ಲ; ಮೂರು ತಿಂಗಳಲ್ಲಿ ಓಡಿಸಲು ಕಲಿತು ಲೈಸೆನ್ಸ್ ತಂದರು.

ಶಿಗ್ಗಾಂವಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಂಥ ಕಂಪನಿಯ ಬೀಜವೇ ಬರಲಿ, ಹತ್ತು ಕಾಳು ಹಸಿ ಅರಿವೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಎಂದು ಎಣಿಸಿದ ಮೇಲೆಯೇ ಮಾರಾಟ. "ಚೀಲದ ಮ್ಯಾಲಿಂದು ಕಂಪನಿ ಮಾತು. ಅರಿವ್ಯಾಗಿಂದು ಬೀಜದ ಮಾತು" ಎನ್ನುವರು. ಅವಸರದ ಗಿರಾಕಿಗಳು ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು, ಮರುವರ್ಷ ತಲೆ ತಗ್ಗಿಸಿ ಇಲ್ಲಿಗೇ ಬರುತ್ತಿದ್ದರು.

ನಾನು ವಿಮಾ ಏಜೆಂಟ್. ಹಳೆಯ ಗಾಡಿಗಳೆಂದರೆ ನನಗೆ ನೀರು ಕುಡಿದಷ್ಟು ಸಲೀಸು: ಥರ್ಡ್ ಪಾರ್ಟಿ ಫಾರ್ಮು ತುಂಬುವುದು, ಸಹಿ ಹಾಕಿಸುವುದು, ಚಹಾ ಕುಡಿದು ಏಳುವುದು. ಅಕ್ಕನ ಅಂಗಡಿಗೆ ಮೊದಲ ಸಲ ಹೋದಾಗಲೂ ಹಾಗೆಯೇ ಫಾರ್ಮು ತುಂಬಿ ಪೆನ್ನು ಮುಂದೆ ಹಿಡಿದೆ. ಅವರು ಪೆನ್ನು ಮುಟ್ಟಲಿಲ್ಲ.

"ಓದು."

"ಏನ್ ಓದ್ಲಿ ಅಕ್ಕಾರ? ಎಲ್ಲಾ ಇಂಗ್ಲಿಷ್ನ್ಯಾಗ ಐತ್ರಿ."

"ಓದಿ ಕನ್ನಡದಾಗ ಹೇಳು. ನೀ ಮಾರೂ ಕಾಗದದ ಮೊಳಕಿ ನೀನ ನೋಡಿಲ್ಲೇನು?"

ನೋಡಿರಲಿಲ್ಲ. ಹನ್ನೊಂದು ವರ್ಷ ಆ ಕಾಗದಗಳನ್ನು ಮಾರಿದವನು ಒಂದನ್ನೂ ಕೊನೆಯವರೆಗೆ ಓದಿರಲಿಲ್ಲ. ಗಿರಾಕಿಗಳ ಮುಂದೆ, ಮೆಣಸಿನ ಬೀಜದ ಡಬ್ಬಿಗಳ ನಡುವೆ ಕೂತು, ತಡವರಿಸುತ್ತ ಓದಿದೆ. ನಾಚಿಕೆಯಿಂದ ಕಿವಿ ಬಿಸಿಯಾದವು. ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ. ನಮ್ಮ ಗಾಡಿ ಸುಟ್ಟರೂ ಕಳುವಾದರೂ ಕಾಸಿಲ್ಲ ಎಂದು ವಿವರಿಸಿದೆ.

"ಅಂದ್ರ ಊರಿಗೆಲ್ಲಾ ಕೊಡೆ ಹಿಡದು ನಾ ತೊಯ್ಸಿಕೊಳ್ಳೂದು" ಎಂದು ಅಕ್ಕ ಫಾರ್ಮನ್ನು ನನ್ನತ್ತ ತಳ್ಳಿದರು. "ಫುಲ್ ಇನ್ಶೂರೆನ್ಸಿಂದು ತಗೊಂಡು ಬಾ. ಅದನ್ನೂ ಓದು."

ಫುಲ್ ಇನ್ಶೂರೆನ್ಸ್ ಮಾಡಬೇಕೆಂದರೆ ಕಾರಿಗೆ ಒಂದು ಬೆಲೆ ಬರೆಯಬೇಕು. ಹುಬ್ಬಳ್ಳಿಯಿಂದ ಸರ್ವೇಯರ್ ಬಂದರು. ಬಾನೆಟ್ ಎತ್ತಿ ಚಾಸಿ ನಂಬರಿನ ಅಚ್ಚು ಪೆನ್ಸಿಲ್ಲಿನಿಂದ ಕಾಗದದ ಮೇಲೆ ತೆಗೆಯಲು ನೋಡಿದರೆ ನಂಬರೇ ಇಲ್ಲ. ಪ್ರತಿ ಮಹಾನವಮಿಗೂ ಅಲ್ಲಿ ಎಣ್ಣೆ, ವಿಭೂತಿ, ಕುಂಕುಮ ಬಿದ್ದು ಬಿದ್ದು ಅಂಕಿಗಳು ಹೂತುಹೋಗಿದ್ದವು. "ನಂಬರ್ ಕಾಣವಲ್ದು" ಎಂದು ಅವರು ಹೊರಟೇ ಬಿಟ್ಟಿದ್ದರು. ಅಕ್ಕ ಹುಣಸೆಹಣ್ಣು ತರಿಸಿ, ಸೆರಗು ಸಿಕ್ಕಿಸಿಕೊಂಡು, ದೇವರ ಹಿತ್ತಾಳೆ ಸಮೆ, ದೀಪ ತಿಕ್ಕುವ ಹಾಗೆ ತಿಕ್ಕಿದರು. ಒಂದೊಂದೇ ಅಂಕಿ ಮೇಲೆ ಬಂತು. ಸರ್ವೇಯರ್ ಆಗಲೂ ಸೋಲಲಿಲ್ಲ.

"ಇದಕ್ಕ ಬೆಲಿ ಅಂತ ಏನಿಲ್ರಿ ಅಮ್ಮಾರ. ಗುಜರಿಯವ ಕೊಟ್ಟಷ್ಟ."

"ನೀವು ಗುಜರಿಯವ್ರೇನ್ರಿ?"

"ಅಲ್ರಿ."

"ಮತ್ತ ಗುಜರಿ ಬೆಲಿ ನಿಮಗ್ಯಾಕ? ಬರ್ರಿ, ಮುಂದ ಕುಂದ್ರಿ."

ತಡಸದವರೆಗೆ ಕರೆದುಕೊಂಡು ಹೋಗಿ ಬಂದರು. ನಾನು ಹಿಂದೆ ಕೂತಿದ್ದೆ. ದಾರಿಯುದ್ದಕ್ಕೂ ಅಕ್ಕ ಜನರನ್ನು ಕೂಗಿದರು, ಸರ್ವೇಯರ್ ಬಾಗಿಲಿನ ಹಿಡಿಕೆ ಹಿಡಿದು ಕೂತಿದ್ದರು. ಮರಳಿದ ಮೇಲೆ ಅಕ್ಕ ನನ್ನಿಂದ ಒಂದು ಸಾಲನ್ನು ಮತ್ತೆ ಓದಿಸಿದರು: ಹಳೆಯ ವಾಹನದ ಬೆಲೆಯನ್ನು ಮಾಲೀಕರೂ ಕಂಪನಿಯೂ ಒಪ್ಪಿ ನಿಗದಿ ಮಾಡಬೇಕು. "ಇಬ್ರೂ ಒಪ್ಪಿ ಅಂತ ಬರದೈತಿ. ನಾ ಇನ್ನೂ ಒಪ್ಪಿಲ್ಲ" ಎಂದರು. ಎಂಜಿನ್ ಕೆಲಸದ ರಸೀದಿ, ಗ್ಯಾರೇಜಿನವನ ಪತ್ರ ಎಲ್ಲ ಮುಂದಿಟ್ಟು ಮೂರು ವಾರ ಜಗ್ಗಾಡಿ, ತಮ್ಮ ಬೆಲೆಯನ್ನೇ ಬರೆಸಿದರು. ಕಂತು ಏರಿತು. ಇಷ್ಟು ಹಳೆಯ ಡಬ್ಬಿಗೆ ಇದೆಂಥ ಹಮ್ಮು ಎಂದು ನಾನು ಮನೆಯಲ್ಲಿ ಹೆಂಡತಿಯ ಮುಂದೆ ಆಡಿಕೊಂಡೆ.

ಎರಡು ವರ್ಷದ ಮೇಲೆ ತಡಸ ಕ್ರಾಸಿನಲ್ಲಿ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಹಿಂದಕ್ಕೆ ಬಂದು ಪದ್ಮಿನಿಯ ಮೂತಿಯನ್ನು ಜಜ್ಜಿತು. ಅಕ್ಕನಿಗೆ ಏನೂ ಆಗಿರಲಿಲ್ಲ. ನಾನು ಓಡಿಹೋದಾಗ ಡ್ರೈವರನ ಹೆಸರನ್ನಷ್ಟೇ ಅಲ್ಲ, ಅವನ ಅಪ್ಪ ಅಜ್ಜಂದಿರ ಹೆಸರನ್ನೂ ಹಿಡಿದು ಮಂಗಳಾರತಿ ಮಾಡುತ್ತಿದ್ದರು. ಗ್ಯಾರೇಜಿನವನು ಉದ್ದದ ಪಟ್ಟಿ ಕೊಟ್ಟ. ಅದೇ ಸರ್ವೇಯರ್ ಬಂದರು, ಲೆಕ್ಕ ಹಾಕಿದರು, "ರಿಪೇರಿ ಮಾಡಸ್ರಿ" ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದರು.

"ಅವತ್ತು ನಾ ಹೇಳಿದ ಬೆಲಿ ಬರದಿದ್ರ ಈ ಕಾರು ಇವತ್ತ ಮುಗೀತಿತ್ರಿ. ರಿಪೇರಿ ಖರ್ಚು ಬರದ ಬೆಲಿಯ ಮುಕ್ಕಾಲು ಪಾಲು ದಾಟಿದ್ರ ಪೂರ್ತಿ ಹಾಳು ಅಂತ ಬರಿಬೇಕಾಗ್ತೈತಿ. ಪುಡಿಗಾಸು ಕೊಟ್ಟು ಗುಜರಿಗೆ ಹಾಕೂದ."

ನಾನು ಅಕ್ಕನ ಬಳಿ ಹೋಗಿ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನೀನ ಓದಿದ್ದಿ, ನಾ ಕೇಳಿದ್ದೆ. ರೊಕ್ಕ ಬರ್ಲಿ ಅಂತ ಬೆಲಿ ಬರಸಿಲ್ಲೋ ತಮ್ಮಾ. ಬೆಲಿ ಇಳಸಿ ಬರದ್ರ ಸಣ್ಣ ಪೆಟ್ಟಿಗೂ ಸತ್ತೈತಿ ಅಂತಾರ. ಕಾರಿಗಷ್ಟ ಅಲ್ಲ ಈ ಮಾತು."

ಕಾರಿಗಷ್ಟೇ ಅಲ್ಲ ಎಂಬುದು ಮರುವರ್ಷ ಗೊತ್ತಾಯಿತು. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅಕ್ಕನ ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಮಂಚದ ಸುತ್ತ ನಿಂತ ನಂಟರು, ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಮನೆಯಲ್ಲಿ ಮಲಗಿರಲಿ ಎಂದು ಪಿಸುಗುಟ್ಟುತ್ತಿದ್ದರು. ಕಣ್ಣು ಮುಚ್ಚಿದ್ದ ಅಕ್ಕ ಮುಚ್ಚಿಕೊಂಡೇ ಕೇಳಿದರು: "ಏನ್ರಿ, ನನಗೂ ಥರ್ಡ್ ಪಾರ್ಟಿ ಮಾಡಾಕತ್ತೀರೇನು?"

ಆಪರೇಷನ್ ಆಯಿತು. ಐದು ತಿಂಗಳು ತಂಗಿಯ ಮಗಳು ಕವಿತಾಳನ್ನು ಸ್ಟೀರಿಂಗಿಗೆ ಕೂರಿಸಿ, ತಾವು ಪಕ್ಕದಲ್ಲಿ ಕೂತು ಅವಳಿಗೆ ಆ ವಿಚಿತ್ರ ಗೇರು ಕಲಿಸಿದರು. ಆರನೇ ತಿಂಗಳು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಓಡಿಸಿದರು.

ಅಕ್ಕ ಹೋದದ್ದು ಕಳೆದ ಮುಂಗಾರಿಗೆ ಮೊದಲು, ಬಿತ್ತನೆ ಬೀಜ ಅಂಗಡಿಗೆ ಬಂದ ವಾರ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವರೇ ಕಟ್ಟಿಟ್ಟಿದ್ದ ಹಸಿ ಅರಿವೆಯನ್ನು ಮೂರನೇ ದಿನ ಕವಿತಾ ಬಿಚ್ಚಿದಳು. ಒಂಬತ್ತು ಕಾಳು ಮೊಳೆತಿದ್ದವು. ಅವಳು ಅಳುತ್ತಲೇ ಬಾಗಿಲು ತೆರೆದು ಆ ಬೀಜ ಮಾರಿದಳು.

ಕಾರು ಕವಿತಾಳ ಹೆಸರಿಗಾಯಿತು. ವಿಮೆಯ ದಿನ ಬಂದಾಗ ನಾನು ಫಾರ್ಮು ತುಂಬಿಕೊಂಡೇ ಹೋದೆ. ಇನ್ನು ಯಾರು ಓಡಿಸುತ್ತಾರೆ, ನಿಂತೇ ಇರುವ ಗಾಡಿ, ಹುಡುಗಿಗೆ ಖರ್ಚು ಬೇಡ ಎಂದು ಥರ್ಡ್ ಪಾರ್ಟಿಯನ್ನೇ ಬರೆದಿದ್ದೆ. ಒಳಗಿನ ಮಾತು ಹೇಳಿಬಿಡುತ್ತೇನೆ: ಅಕ್ಕನ ಕುರ್ಚಿಯ ಎದುರು ಹೆಚ್ಚು ಹೊತ್ತು ಕೂರುವ ಧೈರ್ಯ ನನಗಿರಲಿಲ್ಲ. ಪೆನ್ನು ಕವಿತಾಳ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ಓದ್ರಿ ಕಾಕಾ" ಎಂದಳು.

ಎರಡು ಸಾಲು ಓದಿ ನಿಲ್ಲಿಸಿದೆ. ಫಾರ್ಮನ್ನು ಹರಿದು ಜೇಬಿಗೆ ಹಾಕಿಕೊಂಡೆ, ಬ್ಯಾಗಿನಿಂದ ಇನ್ನೊಂದು ತೆಗೆದು, ಅಕ್ಕ ಬರೆಸಿದ್ದ ಬೆಲೆಯನ್ನೇ ಬರೆದೆ.

ವಾರದ ಮೇಲೆ ಸರ್ವೇಯರ್ ಫೋನ್ ಮಾಡಿದರು. ಆಗ ನಾನು ಪದ್ಮಿನಿಯ ಮುಂದಿನ ಸೀಟಿನಲ್ಲೇ ಇದ್ದೆ. ಕವಿತಾ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಿದ್ದಳು.

"ಅಲ್ರಿ, ಅಮ್ಮಾರ ಹೋದ್ರು. ಮತ್ತ ಅಷ್ಟ ಬೆಲಿ ಹಾಕೀರಲ್ಲ? ಇನ್ನ ಅದನ್ನ ಓಡಸವ್ರರ ಯಾರದಾರ್ರಿ?"

ಪೇಟೆಯ ತಿರುವಿನಲ್ಲಿ ಚಕ್ಕಡಿಯೊಂದು ಅಡ್ಡ ನಿಂತಿತ್ತು. ಕವಿತಾಳ ಕೈ ಹಾರ್ನಿನ ಹತ್ತಿರವೂ ಹೋಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏ ಫಕೀರಪ್ಪಕಾಕಾ, ಎತ್ತು ಸರಸ್ರಿ!"

ನಾನು ಫೋನನ್ನು ಮತ್ತೆ ಕಿವಿಗೊತ್ತಿಕೊಂಡೆ.

"ಕೇಳಿಸ್ತೇನ್ರಿ ಸಾಹೇಬ್ರ?" ಎಂದೆ. "ಬೆಲಿ ಇಳಸಂಗಿಲ್ರಿ. ನಾವಿನ್ನೂ ಒಪ್ಪಿಲ್ಲ."