ಕೆಂಪು ದೀಪದ ಮೇಲೆ ಅಮ್ಮ ಇಟ್ಟ ಗಂಧ

ಇವತ್ತು ಅವಿನಾಶಿ ರಸ್ತೆಯಲ್ಲಿ ನಾನು ಓಡಿಸುತ್ತಿದ್ದ ಕಾರಿನಲ್ಲಿ, ಇಂಜಿನ್ ಕಾದಿದೆ ಎನ್ನುವ ಕೆಂಪು ದೀಪ ಹತ್ತಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಕುದಿದ ರೇಡಿಯೇಟರ್ ನೀರಿನ ವಾಸನೆಗೆ ಅಮ್ಮ ನೆನಪಾದಳು.

ಸೋಮನೂರಿನಲ್ಲಿ ನಮ್ಮದು ಪವರ್‌ಲೂಮ್ ಮನೆ. ಒಂದು ಆಯುಧ ಪೂಜೆಗೆ ಅಮ್ಮ ಮಗ್ಗಗಳಿಗೆಲ್ಲ ಗಂಧ ಕುಂಕುಮದ ಪೊಟ್ಟು ಇಟ್ಟು, ಹಳೆಯ ವ್ಯಾನಿನ ಡ್ಯಾಶ್‌ಬೋರ್ಡಿಗೂ ದಪ್ಪನಾಗಿ ಮೆತ್ತಿದಳು. ಮರುದಿನ ನಾವು ಮೂವರೂ ಅತ್ತೆ ಊರಿಗೆ ಹೋಗುವಾಗ ಇಂಜಿನ್ ಕುದಿದು ಹಬೆ ಎದ್ದಿತು. ಅಪ್ಪ ಒಣಗಿದ ಗಂಧವನ್ನು ಉಗುರಿನಿಂದ ಕೆರೆದರು. ಅದರಡಿ ಕೆಂಪು ದೀಪ ಉರಿಯುತ್ತಿತ್ತು.

"ಲೈಟ್ ಮೇಲೇ ಪೊಟ್ಟು ಇಟ್ಟಿದ್ದೀಯಲ್ಲಾ!" ಅಪ್ಪ ಕೂಗಿದರು.

"ವಂಡಿಗೆ ಇಡು ಅಂದ್ರಿ, ಇಟ್ಟೆ. ಇಲ್ಲಿ ಬೇಡ ಅಂತ ಹೇಳಿದ್ರಾ?" ಅಮ್ಮನೂ ಅಷ್ಟೇ ಜೋರಾಗಿ ಕೇಳಿದಳು.

ಅಪ್ಪ ನಕ್ಕುಬಿಟ್ಟರು. ಬಿಸಿ ಆರುವ ತನಕ ರೇಡಿಯೇಟರ್ ಮುಚ್ಚಳ ತೆಗೆಯುವಂತಿಲ್ಲ. ಇಬ್ಬರೂ ಬೇವಿನ ನೆರಳಲ್ಲಿ ಕೂತರು. ಮಗ್ಗದ ಸದ್ದಿನಲ್ಲಿ ಸದಾ ಕೂಗಿಯೇ ಮಾತಾಡುತ್ತಿದ್ದವರು ಅಂದು ಮೆಲ್ಲಗೆ ಏನೇನೋ ಮಾತಾಡಿಕೊಂಡರು. ಒಂದು ಕಡೆ ಕೂರಲಾಗದೆ ಶಾಲೆಯನ್ನೇ ಬಿಟ್ಟವನು ನಾನು. ಅಂದು ಮಾತ್ರ ಇಂಜಿನ್ ಆರದಿರಲಿ ಎಂದುಕೊಂಡು ಕದಲದೆ ಕೂತಿದ್ದೆ.

ಅಮ್ಮ ಈಗಿಲ್ಲ. ರಸ್ತೆ ಬದಿಯಲ್ಲಿ ಕಾಯುತ್ತಾ ಅವಳ ಆ ಮೆಲುದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ನಿಜ ಹೇಳುತ್ತೇನೆ, ಕೂಗಷ್ಟೇ ನೆನಪಿಗೆ ಬಂತು.